ಎಂಜಿನ್ ಆಯಿಲ್ ಮತ್ತೆ ಮತ್ತೆ ಏಕೆ ಸೋರುತ್ತದೆ?



ತರಕಾರಿ, ಹಾಲಿನ ಕ್ಯಾನು, ಹೂವು, ಸಿಮೆಂಟು, ಕೋಳಿ, ಮದುವೆಯ ಪಾತ್ರೆ ಪಗಡ, ಹೀಗೆ ಇಂದು ನಮ್ಮ ಊರುಗಳಲ್ಲಿ ಪಿಕಪ್ ಹೊರದ ಸರಕು ಇಲ್ಲ. ಬಹುಪಾಲು ಪಿಕಪ್‌ಗಳ ಮಾಲೀಕನೇ ಅದರ ಚಾಲಕನೂ ಹೌದು. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಂಥ ಗಾಡಿಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ, ಆದರೆ ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗುವ ಒಂದು ತೊಂದರೆಯ ಬಗ್ಗೆ ಈ ಭಾಷಣದಲ್ಲಿ ಹೇಳಬಯಸುತ್ತೇನೆ. ಅದು ಎಂಜಿನ್ ಆಯಿಲ್ ಸೋರುವುದು. ಒಮ್ಮೆ ಸೋರಿ ರಿಪೇರಿಯಾದದ್ದಲ್ಲ; ರಿಪೇರಿ ಮಾಡಿಸಿದ ಮೇಲೂ ಎರಡು ಮೂರು ತಿಂಗಳಿಗೆ ಮತ್ತೆ ಕಾಣಿಸಿಕೊಳ್ಳುವುದು.

"ಎಲ್ಲೋ ಒಂದೊಂದು ಹನಿ ಬೀಳುತ್ತದೆ ಅಷ್ಟೆ" ಎಂದು ಹೇಳುವವರನ್ನು ನೀವೂ ಕೇಳಿರಬಹುದು. ಆ ಹನಿಯ ಲೆಕ್ಕವನ್ನು ಸ್ವಲ್ಪ ಹಾಕಿ ನೋಡೋಣ. ಎಣ್ಣೆಯ ಹನಿ ನೀರಿನ ಹನಿಗಿಂತ ಚಿಕ್ಕದು. ಸುಮಾರು 25ರಿಂದ 30 ಹನಿ ಸೇರಿದರೆ ಒಂದು ಮಿಲಿಲೀಟರು. ನಿಮಿಷಕ್ಕೆ ಒಂದು ಹನಿ ಎಂದರೂ ದಿನಕ್ಕೆ 1440 ಹನಿ, ಅಂದರೆ ಸುಮಾರು 50 ಮಿಲಿಲೀಟರು. ಇಪ್ಪತ್ತು ದಿನಕ್ಕೆ ಒಂದು ಲೀಟರು! ಡಿಪ್ ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರ ಅನೇಕ ಗಾಡಿಗಳಲ್ಲಿ ಹೆಚ್ಚು ಕಡಿಮೆ ಅಷ್ಟೇ. ನಿಂತ ಗಾಡಿಯಲ್ಲಿ ಈ ವೇಗದಲ್ಲಿ ಸೋರಿದರೆ, ಎಣ್ಣೆ ಬಿಸಿಯಾಗಿ ತೆಳುವಾಗಿ, ಒತ್ತಡದಲ್ಲಿ ಹರಿಯುವ ಓಟದಲ್ಲಿ ಇನ್ನೂ ಹೆಚ್ಚು ಸೋರಬಹುದು. ಅದು ನೆಲದ ಮೇಲಲ್ಲ, ರಸ್ತೆಯುದ್ದಕ್ಕೂ ಬೀಳುವುದರಿಂದ ಯಾರಿಗೂ ಕಾಣುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಎಣ್ಣೆ ಎಷ್ಟಿದೆ ಎಂಬುದನ್ನು ತೋರಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅದು ತೋರಿಸುವುದು ಎಣ್ಣೆಯ ಒತ್ತಡವನ್ನು. ಪಂಪಿಗೆ ಎಳೆದುಕೊಳ್ಳಲು ಎಣ್ಣೆ ಸಾಲದೆ ಒತ್ತಡ ಬಿದ್ದಾಗ ಮಾತ್ರ ಆ ದೀಪ ಹತ್ತುತ್ತದೆ. ಆ ಹೊತ್ತಿಗೆ ಕ್ರ್ಯಾಂಕಿನ ಬೇರಿಂಗುಗಳು ಒಣಗತೊಡಗಿರುತ್ತವೆ. ಓಡುವಾಗ ದೀಪ ಹತ್ತಿದರೆ "ಮುಂದಿನ ಊರಿನವರೆಗೆ ಹೋಗೋಣ" ಎನ್ನದೆ ಅಲ್ಲಿಯೇ ಎಂಜಿನ್ ಆರಿಸಬೇಕು. ಸೋರಿದ ಎಣ್ಣೆ ಬೇರೆ ಕಡೆಗೂ ತೊಂದರೆ ಕೊಡುತ್ತದೆ. ಕ್ಲಚ್ ಪ್ಲೇಟಿಗೆ ತಗುಲಿದರೆ ಭಾರ ಹೇರಿದ ಗಾಡಿ ಏರಿನಲ್ಲಿ ಜಾರುತ್ತದೆ. ಕಾದ ಸೈಲೆನ್ಸರ್ ಕೊಳವೆ ಅಥವಾ ಟರ್ಬೊ ಮೇಲೆ ಬಿದ್ದರೆ ಹೊಗೆಯಾಗುತ್ತದೆ, ಬೆಂಕಿಗೂ ದಾರಿಯಾಗಬಹುದು.

ಹಾಗಾದರೆ ಸೋರುವ ಜಾಗವನ್ನು ಕಂಡುಹಿಡಿಯುವುದು ಹೇಗೆ? ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ. ಗಾಡಿ ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಎಂಜಿನ್ನಿನ ಮುಂಭಾಗದ ಮೇಲ್ಗಡೆ ಸೋರಿದ ಎಣ್ಣೆ ಗೇರ್ ಬಾಕ್ಸಿನ ಕೆಳಗೆ ಹನಿಯಾಗಿ ಬೀಳಬಹುದು. ಕೆಳಗಿನ ಹನಿಯನ್ನು ನೋಡಿ "ಹಿಂದಿನ ಸೀಲ್ ಹೋಗಿದೆ" ಎಂದು ತೀರ್ಮಾನಿಸಿದರೆ ಗೇರ್ ಬಾಕ್ಸ್ ಇಳಿಸುವ ಕೂಲಿ ವ್ಯರ್ಥ. ಹುಡುಕಬೇಕಾದದ್ದು ಅತ್ಯಂತ ಕೆಳಗಿನ ಒದ್ದೆಯನ್ನಲ್ಲ, ಅತ್ಯಂತ ಮೇಲಿನ ಮತ್ತು ಅತ್ಯಂತ ಮುಂದಿನ ಒದ್ದೆಯನ್ನು.

ಇದಕ್ಕೆ ಮೊದಲು ಎಂಜಿನ್ ತೊಳೆಯಬೇಕು. ವರ್ಷಗಟ್ಟಲೆ ಧೂಳು ಮೆತ್ತಿಕೊಂಡ ಎಂಜಿನ್ನಿನಲ್ಲಿ ಯಾವ ತಜ್ಞನೂ ಏನನ್ನೂ ಹೇಳಲಾರ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ತೊಳೆಯುವುದು ರೂಢಿ. ಆದರೆ ತಣ್ಣಗಿರುವ ಎಂಜಿನ್ನಿಗೆ ಮಾತ್ರ, ಅದೂ ಡೈನಮೋ ಮತ್ತು ವೈರಿನ ಜೋಡಣೆಗಳಿಗೆ ಪ್ಲಾಸ್ಟಿಕ್ ಹೊದಿಸಿ. ಇದಕ್ಕೆಂದೇ ಸಿಗುವ ಡಿಗ್ರೀಸರ್ ಇನ್ನೂ ಒಳ್ಳೆಯದು. ಒಣಗಿದ ಮೇಲೆ ಅನುಮಾನವಿರುವ ಕಡೆಗಳಲ್ಲಿ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನೇ ತೆಳುವಾಗಿ ಉದುರಿಸಿ, ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿಂದ ಹೊರಟಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಎಣ್ಣೆಗೆ ಬೆರೆಸುವ ಹೊಳೆಯುವ ಬಣ್ಣ ಮತ್ತು ನೇರಳಾತೀತ ದೀಪವನ್ನು ಇಟ್ಟುಕೊಂಡಿರುವ ಗ್ಯಾರೇಜುಗಳೂ ಇವೆ. ಪೌಡರಿನ ಡಬ್ಬಿ ಅಗ್ಗ.

ಸೋರುವುದು ಎಂಜಿನ್ ಆಯಿಲ್ಲೇ ಹೌದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಕಪ್ಪಗಿರುತ್ತದೆ. ಗೇರ್ ಆಯಿಲ್ಲಿಗೆ ಗಂಧಕದ ಘಾಟು ವಾಸನೆ ಇರುತ್ತದೆ, ಮೂಗಿಗೆ ಕೂಡಲೇ ತಿಳಿಯುತ್ತದೆ.

ಇನ್ನು ಸೋರುವ ಜಾಗಗಳು. ಅಗ್ಗದವುಗಳಿಂದ ಆರಂಭಿಸಿ ನೋಡುವುದು ಜಾಣತನ. ಆಯಿಲ್ ಬದಲಿಸುವಾಗ ತೆಗೆಯುವ ಡ್ರೈನ್ ಪ್ಲಗ್ಗಿನ ವಾಷರು ಹಳೆಯದೇ ಇರಬಹುದು. ಫಿಲ್ಟರು ಬದಲಿಸಿದಾಗ ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕುಳಿತಿರಬಹುದು. ಎರಡು ಉಂಗುರ ಒಂದರ ಮೇಲೊಂದು ಕುಳಿತರೆ ಸೋರುವುದು ಖಂಡಿತ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಗಟ್ಟಿಯಾಗಿರಬಹುದು. ಆಯಿಲ್ ಒತ್ತಡದ ಸ್ವಿಚ್ಚಿನಿಂದಲೂ ಎಣ್ಣೆ ಜಿನುಗುತ್ತದೆ. ಬೆರಳಿನಷ್ಟು ಚಿಕ್ಕ ಭಾಗವಾದ್ದರಿಂದ ಯಾರೂ ಅದರ ಕಡೆ ನೋಡುವುದಿಲ್ಲ. ನಮ್ಮಲ್ಲಿ ಓಡುವ ಅನೇಕ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಜಾಗವಿದೆ. ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪನ್ನು ಡೈನಮೋದ ಹಿಂಬದಿಗೇ ಜೋಡಿಸಿ, ಅದಕ್ಕೆ ಎಂಜಿನ್ ಆಯಿಲ್ಲನ್ನೇ ಒಂದು ಸಣ್ಣ ಕೊಳವೆಯಿಂದ ಕೊಟ್ಟಿರುತ್ತಾರೆ. ಆ ಕೊಳವೆಯ ಜೋಡಣೆ ಅಥವಾ ಪಂಪಿನ ಸೀಲ್ ಸೋರಿದರೆ ಡೈನಮೋ ಎಣ್ಣೆಯಲ್ಲಿ ಮಿಂದು, ಕೊನೆಗೆ ಬ್ಯಾಟರಿ ಚಾರ್ಜ್ ಆಗುವುದೇ ನಿಲ್ಲುತ್ತದೆ. ಬ್ಯಾಟರಿಯ ದೂರು ತಂದವನಿಗೆ ಎಣ್ಣೆಯ ಕಾಯಿಲೆ ಇರುವುದು ಹೀಗೆ.

ಇವೆಲ್ಲ ಸರಿಯಿದ್ದು, ಸೀಲ್ ಬದಲಿಸಿದ ಮೇಲೂ ಮತ್ತೆ ಸೋರಿದರೆ? ಕೋಲಾರದ ಕಡೆಯ ಒಬ್ಬರು ಟೊಮೆಟೊ ಹೊರುವ ತಮ್ಮ ಪಿಕಪ್ಪಿನ ಕ್ರ್ಯಾಂಕಿನ ಹಿಂಬದಿಯ ಸೀಲನ್ನು ಒಂದು ವರ್ಷದಲ್ಲಿ ಎರಡು ಸಲ ಹಾಕಿಸಿದ್ದರು. ಪ್ರತಿ ಸಲವೂ ಗೇರ್ ಬಾಕ್ಸ್ ಇಳಿಸಬೇಕು, ಎರಡು ದಿನ ಗಾಡಿ ನಿಲ್ಲಬೇಕು. ಅದೂ ಸುಗ್ಗಿಯಲ್ಲಿ. ಮೂರನೆಯ ಸಲ ಹೋದ ಗ್ಯಾರೇಜಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಗೇರ್ ಬಾಕ್ಸಿನ ಹತ್ತಿರಕ್ಕೇ ಹೋಗಲಿಲ್ಲ. ಬಾನೆಟ್ ಎತ್ತಿ ಟ್ಯಾಪೆಟ್ ಕವರಿನಿಂದ ಹೊರಡುವ ಬ್ರೀದರ್ ಕೊಳವೆಯನ್ನು ಕಿತ್ತು ಊದಿ ನೋಡಿದರು. ಉಸಿರು ಆಡಲಿಲ್ಲ.

"ಸೀಲ್‌ದು ತಪ್ಪೇನೂ ಇಲ್ಲ ಕಣಣ್ಣ. ಉಸಿರು ಕಟ್ಟೈತೆ, ಅದಕ್ಕೇ ಎಲ್ಲಿ ಸಂದು ಸಿಕ್ಕಿದರೆ ಅಲ್ಲಿ ಕಕ್ತಾ ಐತೆ" ಎಂದರು.

ಕೊಳವೆಯೊಳಗೆ ಎಣ್ಣೆಯ ಜಿಡ್ಡು ಗಟ್ಟಿಯಾಗಿ ಮೇಣದಂತೆ ಕಟ್ಟಿಕೊಂಡಿತ್ತು. ಅದನ್ನು ಶುಚಿ ಮಾಡಿ, ಸೀಳಿದ್ದ ರಬ್ಬರ್ ಕೊಳವೆಯನ್ನು ಬದಲಿಸಿದ ಮೇಲೆ ಸೋರುವುದು ಬಹುಮಟ್ಟಿಗೆ ನಿಂತಿತು. ವಿಜ್ಞಾನ ಓದಿದ ನನಗೆ ಆ ಮೇಸ್ತ್ರಿಯ ಮಾತಿಗಿಂತ ಚೆನ್ನಾಗಿ ಇದನ್ನು ವಿವರಿಸಲು ಬಾರದು. ಆದರೂ ಅದರ ಹಿಂದಿನ ಕಾರಣವನ್ನು ಹೇಳುತ್ತೇನೆ.

ಪಿಸ್ಟನ್ನಿನ ಮೇಲೆ ಇಂಧನ ಉರಿದಾಗ ಆ ಅನಿಲದ ಅಲ್ಪ ಭಾಗ ರಿಂಗುಗಳ ಸಂದಿನಿಂದ ಕೆಳಗಿನ ಎಣ್ಣೆಯ ಕೋಣೆಗೆ ನುಸುಳಿಯೇ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲೂ ಇದನ್ನು ಪೂರ್ತಿ ತಡೆಯಲಾಗದು. ಅದು ಹೊರಹೋಗಲೆಂದೇ ಬ್ರೀದರ್ ಇರುವುದು. ಹಳೆಯ ಗಾಡಿಗಳಲ್ಲಿ ಆ ಕೊಳವೆ ನೆಲದ ಕಡೆಗೆ ಬಿಟ್ಟಿರುತ್ತಿತ್ತು. ಈಗಿನ ಗಾಡಿಗಳಲ್ಲಿ ಹೊಗೆ ನಿಯಂತ್ರಣಕ್ಕಾಗಿ ಅದನ್ನು ಮತ್ತೆ ಎಂಜಿನ್ನಿನ ಗಾಳಿಯ ದಾರಿಗೇ ಸೇರಿಸಿರುತ್ತಾರೆ, ನಡುವೆ ಎಣ್ಣೆಯನ್ನು ಬೇರ್ಪಡಿಸುವ ಒಂದು ಡಬ್ಬಿಯೂ ಕವಾಟವೂ ಇರುತ್ತವೆ. ಇವುಗಳಲ್ಲಿ ಯಾವುದು ಕಟ್ಟಿಕೊಂಡರೂ ಒಳಗಿನ ಒತ್ತಡ ಏರುತ್ತದೆ.

ಆಯಿಲ್ ಸೀಲ್ ಎಂದರೆ ಗೋಡೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದರ ರಬ್ಬರ್ ತುಟಿಯ ಕೆಳಗೆ ಅತಿ ತೆಳುವಾದ ಎಣ್ಣೆಯ ಪದರ ಸದಾ ಇರುತ್ತದೆ. ಇಲ್ಲದಿದ್ದರೆ ತುಟಿ ಸುಟ್ಟೇಹೋಗುತ್ತಿತ್ತು. ಹಿಂಬದಿಯ ಸೀಲ್ ಕೂರುವ ಜಾಗದಲ್ಲಿ ಕ್ರ್ಯಾಂಕಿನ ವ್ಯಾಸ 80 ಮಿಲಿಮೀಟರು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ಮೈ ತುಟಿಯ ಕೆಳಗೆ ಗಂಟೆಗೆ ಸುಮಾರು 45 ಕಿಲೋಮೀಟರು ವೇಗದಲ್ಲಿ ಉಜ್ಜುತ್ತಿರುತ್ತದೆ. ತುಟಿಯ ಓರೆ ಮತ್ತು ರಬ್ಬರಿನ ಮೈಯ ಸೂಕ್ಷ್ಮ ಉಬ್ಬುತಗ್ಗುಗಳು ಹೊರಬರಲು ನೋಡುವ ಎಣ್ಣೆಯನ್ನು ಮತ್ತೆ ಒಳಕ್ಕೆ ತಳ್ಳುತ್ತಲೇ ಇರುತ್ತವೆ. ಈ ನಾಜೂಕಾದ ಏರ್ಪಾಡು ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮನಾಗಿರುವಾಗ ಮಾತ್ರ ನಡೆಯುತ್ತದೆ. ಒಳಗಿನಿಂದ ಒತ್ತಿದರೆ ನಿನ್ನೆ ಹಾಕಿದ ಹೊಸ ಸೀಲೂ ಸೋತುಹೋಗುತ್ತದೆ.

ಒತ್ತಡವನ್ನು ಪರೀಕ್ಷಿಸುವ ಒಂದು ಸರಳ ಉಪಾಯವಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳವನ್ನು ತಿರುಗಿಸಿ, ತೆಗೆಯದೆ ಅದರ ಬಾಯಿಯ ಮೇಲೆ ಸಡಿಲವಾಗಿ ಇಡಿ. ಸ್ವಲ್ಪ ಅದುರಿದರೆ ಚಿಂತೆಯಿಲ್ಲ, ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಮುಚ್ಚಳ ಹಾರಿಬೀಳುವಂತಿದ್ದು ಹೊಗೆ ಬುಸುಬುಸು ಎಂದು ಬರುತ್ತಿದ್ದರೆ ಮೊದಲು ಬ್ರೀದರ್ ಶುಚಿ ಮಾಡಿಸಿ. ಬ್ರೀದರ್ ಶುಚಿಯಾದ ಮೇಲೂ ಹಾಗೆಯೇ ಬಂದರೆ ರಿಂಗು ಮತ್ತು ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಆ ಗಾಡಿಗೆ ಇನ್ನೊಂದು ಸೀಲ್ ಹಾಕಿಸಬೇಡಿ.

ಮತ್ತೊಂದು ಕಾರಣ ಶಾಫ್ಟಿನಲ್ಲಿಯೇ ಇರುತ್ತದೆ. ಲಕ್ಷಾಂತರ ಕಿಲೋಮೀಟರು ಓಡಿದ ಮೇಲೆ ಮೆತ್ತಗಿನ ರಬ್ಬರ್ ತುಟಿಯೇ ಗಟ್ಟಿ ಉಕ್ಕಿನಲ್ಲಿ ಗೀರು ಕೊರೆದಿರುತ್ತದೆ. ಹಗ್ಗ ಉಜ್ಜಿ ಉಜ್ಜಿ ಬಾವಿಯ ಕಲ್ಲು ಸವೆದಂತೆ. ಎಣ್ಣೆಯಲ್ಲಿ ಸೇರಿದ ಮಸಿ, ಧೂಳು ಅರದಂತೆ ಕೆಲಸ ಮಾಡಿರುತ್ತವೆ. ಬೆರಳಿನ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಆ ಗೀರಿನ ಮೇಲೆಯೇ ಕುಳಿತು ಮತ್ತೆ ಸೋರುತ್ತದೆ. ಗೀರಿನ ಮೇಲೆ ತೆಳುವಾದ ಉಕ್ಕಿನ ತೋಳು ತೊಡಿಸುವುದು, ಅಥವಾ ಜೋಡಣೆಗೆ ಅವಕಾಶವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರು ಆಚೀಚೆ ಕೂರಿಸುವುದು ಇದಕ್ಕೆ ಪರಿಹಾರ.

ಗ್ಯಾಸ್ಕೆಟ್ ಪೇಸ್ಟಿನ ಬಗ್ಗೆ ನನ್ನದು ಸ್ವಲ್ಪ ಕಠಿಣ ಅಭಿಪ್ರಾಯ. ಸೋರುತ್ತಿರುವ ಕಡೆ ಹೊರಗಿನಿಂದ ಪೇಸ್ಟ್ ಬಳಿಯುವುದು ರಿಪೇರಿಯಲ್ಲ, ಅಲಂಕಾರ. ಒಳಗಡೆ ಅತಿಯಾಗಿ ಹಚ್ಚಿದರೆ ಹೊರಚಾಚಿದ ತುಣುಕು ಕಳಚಿ ಆಯಿಲ್ ಚೇಂಬರಿನ ತಳದ ಜಾಲರಿಗೆ ಸಿಕ್ಕಿಕೊಂಡು ಎಣ್ಣೆಯ ದಾರಿಯನ್ನೇ ಮುಚ್ಚಬಹುದು. ಚೇಂಬರಿನ ಬೋಲ್ಟುಗಳನ್ನು ಬಲವಾಗಿ ಬಿಗಿಯುವುದೂ ಅಷ್ಟೇ ಕೆಟ್ಟದ್ದು. ತಗಡಿನ ಅಂಚು ಪ್ರತಿ ಬೋಲ್ಟಿನ ಸುತ್ತ ಒಳಕ್ಕೆ ಬಾಗಿ, ಎರಡು ಬೋಲ್ಟುಗಳ ನಡುವೆ ಸಂದು ಬಿಡುತ್ತದೆ. ಆ ಅಂಚನ್ನು ಸಮತಟ್ಟಾಗಿ ಬಡಿದು, ಹಳೆಯ ಪ್ಯಾಕಿಂಗನ್ನು ಪೂರ್ತಿ ಕೆರೆದು, ನಡುವಿನಿಂದ ಹೊರಗಡೆಗೆ ಎದುರುಬದಿರಾಗಿ, ತಯಾರಕರು ಹೇಳಿದ ಬಿಗಿತಕ್ಕೆ ಮಾತ್ರ ತಿರುಗಿಸಬೇಕು.

"ದಪ್ಪ ಆಯಿಲ್ ಹಾಕಿ, ನಿಲ್ಲುತ್ತದೆ" ಎನ್ನುವವರಿದ್ದಾರೆ. ಕೆಲವು ದಿನ ಕಡಿಮೆಯಾದಂತೆ ಕಾಣಬಹುದು. ಆದರೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ದಪ್ಪ ಎಣ್ಣೆ ಮೇಲಿನ ಭಾಗಗಳಿಗೆ ತಲಪುವುದು ತಡವಾಗುತ್ತದೆ. 2020ರ ಏಪ್ರಿಲ್ಲಿನಿಂದ ಬಂದ ಬಿ.ಎಸ್.-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರು ಇದ್ದರೆ ಅದಕ್ಕೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಬೇರೆಯದು ಅದನ್ನು ಕಟ್ಟಿಸುತ್ತದೆ. ಸೋರಿಕೆ ನಿಲ್ಲಿಸುವ ದ್ರಾವಣಗಳು ರಬ್ಬರನ್ನು ಉಬ್ಬಿಸಿ ಕೆಲಸ ಮಾಡುತ್ತವೆ. ಸುಗ್ಗಿ ಮುಗಿಯುವವರೆಗೆ ಹದಿನೈದು ದಿನ ದೂಡಲು ಸರಿ. ಹರಿದ ಸೀಲಿಗೂ ಕೊರೆದ ಶಾಫ್ಟಿಗೂ ಅವುಗಳಿಂದ ಪ್ರಯೋಜನವಿಲ್ಲ.

ಎಲ್ಲ ಜಿನುಗುವಿಕೆಗೂ ಎಂಜಿನ್ ಬಿಚ್ಚಬೇಕಾಗಿಲ್ಲ. ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕವಿಟ್ಟು, ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಸೇರಿಸಿದಿರಿ ಎಂದು ಬರೆಯಿರಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ ನೋಡಿ. ಮೈ ಒದ್ದೆಯಾಗಿದ್ದು ಹನಿ ಬೀಳದಿದ್ದರೆ, ಆಯಿಲ್ ಬದಲಿಸುವ ಅವಧಿಯವರೆಗೂ ಮಟ್ಟ ಇಳಿಯದಿದ್ದರೆ, ನೋಡಿಕೊಂಡು ಓಡಿಸಬಹುದು. ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ತಡಮಾಡಬೇಡಿ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೋ ಹೊಲದ ಬದಿಗೋ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅದನ್ನು ಸಂಗ್ರಹಿಸಿ ಅಧಿಕೃತ ಮರುಸಂಸ್ಕರಣೆಗೆ ಕೊಡುವ ಗ್ಯಾರೇಜಿನಲ್ಲೇ ಆಯಿಲ್ ಬದಲಿಸಿಕೊಳ್ಳಿ.

ಸೀಲ್ ಬದಲಿಸಿದಾಗ ಹಳೆಯದನ್ನು ಮೆಕ್ಯಾನಿಕ್ಕಿನಿಂದ ಕೇಳಿ ಪಡೆಯಿರಿ. ತುಟಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಬಿರಿದಿದ್ದರೆ ಶಾಖ ಅಥವಾ ವಯಸ್ಸು ಕಾರಣ. ಒಂದೇ ಪಕ್ಕದಲ್ಲಿ ಸವೆದಿದ್ದರೆ ಸೀಲ್ ಓರೆಯಾಗಿ ಕುಳಿತಿತ್ತು, ಇಲ್ಲವೆ ಬೇರಿಂಗ್ ಸಡಿಲವಾಗಿ ಶಾಫ್ಟ್ ಅಲ್ಲಾಡುತ್ತಿದೆ. ತುಟಿ ಮೆತ್ತಗಿದ್ದು ಹೊರಕ್ಕೆ ಮಡಚಿಕೊಂಡಿದ್ದರೆ ಕೂರಿಸುವಾಗ ಮಡಚಿರಬೇಕು, ಅಥವಾ ಒಳಗಿನ ಒತ್ತಡ ತಳ್ಳಿರಬೇಕು. ತುಟಿಯಲ್ಲಿ ಯಾವ ದೋಷವೂ ಕಾಣದಿದ್ದರೆ, ಸೋರುತ್ತಿದ್ದುದು ಬಹುಶಃ ಬೇರೆ ಕಡೆ; ಪೌಡರಿನ ಡಬ್ಬಿಯನ್ನು ಮತ್ತೆ ಹೊರತೆಗೆಯಿರಿ.