ಬಾಹ್ಯಾಕಾಶಕ್ಕೆ ಹೋದ ಹೆಸರುಕಾಳು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಮೊಳಕೆ ಹೆಸರುಕಾಳು, ಮೆಂತೆ ಪಲ್ಯ ಹೊಸದೇನಲ್ಲ. ಇದೇ ಹೆಸರು, ಇದೇ ಮೆಂತೆ, 2025ರ ಜೂನ್ 25ರಂದು ಹೊರಟ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದವು. ಅವನ್ನು ಅಲ್ಲಿ ಮೊಳಕೆಯೊಡೆಸುವ ಪ್ರಯೋಗ ರೂಪಿಸಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ. ನಮ್ಮ ಬಾಗಲಕೋಟೆ ಜಿಲ್ಲೆಯ ರೈತರಿಗೂ ಆ ವಿಶ್ವವಿದ್ಯಾಲಯ ಪರಿಚಿತವೇ.

ಕಾಳೇ ಏಕೆ? ಮೊಳಕೆಗೆ ಮಣ್ಣು ಬೇಡ, ಬಿಸಿಲು ಬೇಡ. ತುಸು ನೀರು, ಕೆಲವು ದಿನ ಸಾಕು. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವ ಮೊಳೆತಾಗ ಹೆಚ್ಚುತ್ತದೆ. ತಿಂಗಳುಗಟ್ಟಲೆ ಪೊಟ್ಟಣದ ಊಟ ಉಣ್ಣುವ ಗಗನಯಾತ್ರಿಗಳಿಗೆ ಇದು ದೊಡ್ಡ ಮಾತು.

ಆದರೆ ಬಾಹ್ಯಾಕಾಶದಲ್ಲಿ ಬೇರಿಗೆ ಕೆಳಗು ಯಾವುದೆಂದೇ ತಿಳಿಯದು. ಭೂಮಿಯಲ್ಲಿ ಬೇರಿನ ತುದಿಯ ಜೀವಕೋಶಗಳೊಳಗೆ ಪಿಷ್ಟದ ಸಣ್ಣ ಕಣಗಳು ತಳಕ್ಕಿಳಿದು ದಾರಿ ತೋರುತ್ತವೆ. ತೂಕವಿಲ್ಲದಲ್ಲಿ ಅವು ಇಳಿಯುವುದಿಲ್ಲ. ಆಗ ಮೊಳಕೆಯ ಪೋಷಕಾಂಶ, ಅದರ ಮೇಲಿನ ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ ಎಂಬುದೇ ಈ ಅಧ್ಯಯನದ ಪ್ರಶ್ನೆ.

ಬಾಹ್ಯಾಕಾಶವೆಂದರೆ ರಾಕೆಟ್ಟು ಮಾತ್ರವೆಂದು ನಮ್ಮ ಮಕ್ಕಳಿಗೆ ಹೇಳುವುದನ್ನು ನಾವು ಬಿಡಬೇಕು. ಕೃಷಿ ಓದುವ ಹುಡುಗಿಗೂ ಅಲ್ಲಿ ಕೆಲಸವಿದೆ. ಮೂವರನ್ನು ಬಾಹ್ಯಾಕಾಶಕ್ಕೆ ಒಯ್ಯಲಿರುವ ಭಾರತದ ಗಗನಯಾನಕ್ಕೆ ಸಿದ್ಧತೆ ನಡೆದಿದೆ. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಎಂಬುದು ದೇಶದ ಗುರಿ. ಆ ನಿಲ್ದಾಣದಲ್ಲಿರುವವರ ತಾಟಿಗೆ ಏನು ಬಡಿಸಬೇಕೆಂಬ ಹುಡುಕಾಟ ಧಾರವಾಡದಲ್ಲಿ ಆಗಲೇ ಶುರುವಾಗಿದೆ.