ಗಾಳಿಯ ಗುಡ್ಡವೂ ಮಂತ್ರಿಪದವಿಯೂ



ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನಕ್ಕೆ ಹೋದ ಭಕ್ತರು ಆ ಸೀಮೆಯ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡೇ ಇರುವರು. ಇಂತಹ ಶಕ್ತಿಗೆ ಕೇಂದ್ರ ಸರಕಾರದಲ್ಲಿ ಪ್ರತ್ಯೇಕ ಖಾತೆಯುಂಟಷ್ಟೆ. ಅದು 2024ರ ಜೂನ್ ತಿಂಗಳಲ್ಲಿ ನೆರೆಯ ಧಾರವಾಡದ ಲೋಕಸಭಾ ಸದಸ್ಯರಾದ ಶ್ರೀ ಪ್ರಹ್ಲಾದ ಜೋಶಿಯವರ ಕೈಸೇರಿತು.

ಇವರು 2004ರಲ್ಲಿ ಮೊದಲು ಲೋಕಸಭೆಗೆ ಆರಿಸಿಬಂದು, ಮುಂದಣ ನಾಲ್ಕು ಚುನಾವಣೆಗಳಲ್ಲಿಯೂ ಗೆದ್ದರು. 2019ರಿಂದ ಐದು ವರುಷ ಕಲ್ಲಿದ್ದಲು ಮತ್ತು ಗಣಿಗಳ ಮಂತ್ರಿಗಳಾಗಿದ್ದರು. ನೆಲವನ್ನಗೆದು ಸುಡುವ ಇಂಧನವನ್ನು ನೋಡಿಕೊಂಡವರಿಗೇ ಸುಡದ ಇಂಧನದ ಹೊಣೆ ಬಂದುದು ವಿನೋದವಾಗಿ ತೋರಬಹುದು. ಆದರೆ ಎರಡರ ಲೆಕ್ಕವನ್ನೂ ಬಲ್ಲವರಿಗೆ ಅದು ಬಂದುದು ಒಳಿತೇ. 2030ರೊಳಗೆ 500 ಗಿಗಾವ್ಯಾಟ್ ಎಂಬುದು ದೇಶದ ಗುರಿ. 2025ರಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧಭಾಗವು ಕಲ್ಲಿದ್ದಲು, ಎಣ್ಣೆ, ಅನಿಲಗಳ ಹಂಗಿಲ್ಲದುದಾಯಿತು. ಸಾಮರ್ಥ್ಯವೇ ಬೇರೆ, ಉತ್ಪತ್ತಿಯೇ ಬೇರೆ. ಗಾಳಿ ನಿಂತ ರಾತ್ರಿ ಬಹುಮಟ್ಟಿಗೆ ಕಲ್ಲಿದ್ದಲೇ ದೀಪ ಬೆಳಗಬೇಕು.

ಮೇಲಿನ ಲೆಕ್ಕಕ್ಕೂ ಹೊಲದ ಅನುಭವಕ್ಕೂ ಇರುವ ಅಂತರವನ್ನು ನರಗುಂದ ಚೆನ್ನಾಗಿ ಬಲ್ಲದು. ಮಲಪ್ರಭೆಯ ನೀರು ಸರಿಯಾಗಿ ಹರಿಯುವ ಮೊದಲೇ ಅಭಿವೃದ್ಧಿ ಕರವನ್ನು ಕೇಳಿದ್ದರಿಂದ 1980ರ ಜುಲೈಯಲ್ಲಿ ಅಲ್ಲಿಯ ರೈತರು ಬಂಡೆದ್ದರು. ಗೋಲಿಬಾರಿನಲ್ಲಿ ಪ್ರಾಣಹಾನಿಯೂ ಆಯಿತು.

ಗುಡ್ಡದ ಯಂತ್ರ ಹಗಲೆಲ್ಲ ತಿರುಗುತ್ತಿರಲು ನಮ್ಮ ಕೊಳವೆಬಾವಿಗೆ ರಾತ್ರಿಯ ಕರೆಂಟೇಕೆ ಎಂದು ರೋಣದ ರೈತನು ಕೇಳಿದರೆ ತಪ್ಪಲ್ಲ. ಹಗಲಿನಲ್ಲಿಯೇ ನಡೆಯುವ ಸೌರಪಂಪಿಗೆ ಸಹಾಯಧನವೀಯುವ, 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯು ಜೋಶಿಯವರು ವಹಿಸಿಕೊಂಡ ಖಾತೆಗೇ ಸೇರಿದುದು. ಅದನ್ನು ಅವನಿಗೆ ತಿಳಿಸಿ, ಅರ್ಜಿ ಬರೆದುಕೊಡುವ ಕೆಲಸವನ್ನು ಓದುಬಲ್ಲ ಶಿಷ್ಯರು ಕೈಕೊಳ್ಳಲಿ.