ಮೂರು ಹಿಡಿತ ಬಿಗಿ, ಒಂದು ಮಾತ್ರ ಸಡಿಲ

ನಮಸ್ಕಾರ. ಹೊಳಲ್ಕೆರೆ ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಹೊಸದುರ್ಗದಲ್ಲಿ ಅಂಗಡಿ ಬಾಗಿಲು ತೆಗೆದು ಮೊದಲ ಗಿರಾಕಿಗೆ ಕಾಯ್ತಿರೋರಿಗೂ.

ಹೋದ ಸಂಚಿಕೆ ಆದ್ಮೇಲೆ ಹಿರಿಯೂರಿನಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಬಿ.ಕಾಂ. ಮುಗೀತು, ಎರಡು ವರ್ಷದಿಂದ ಬ್ಯಾಂಕ್ ಪರೀಕ್ಷೆ ಬರೀತಿದೀನಿ. ನಿಜ ಹೇಳ್ಬೇಕಂದ್ರೆ ನಂಗೆ ಬ್ಯಾಂಕ್ ಕೆಲಸ ಬೇಡ. ಏನು ಬೇಕು ಅಂತ ಗೊತ್ತು, ಬಾಯಿಬಿಟ್ಟು ಹೇಳೋಕೆ ಭಯ." ಅಷ್ಟೇ. ಏನು ಬೇಕು ಅನ್ನೋದನ್ನ ನನಗೂ ಹೇಳಲಿಲ್ಲ. ಆ ಮೆಸೇಜನ್ನ ನಾಲ್ಕು ಸಲ ಕೇಳಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ದುರ್ಗದವರು ಭಯದ ಬಗ್ಗೆ ಮಾತಾಡಿದ್ರೆ ಓಬವ್ವ ಬರ್ಲೇಬೇಕು. ಸ್ಕೂಲ್ ಡೇ ಭಾಷಣದಿಂದ ಹಿಡಿದು ಕಾಲೇಜು ಸೆಮಿನಾರ್ ತನಕ ಅದೇ ಕಿಂಡಿ, ಅದೇ ಒನಕೆ. ನಾನು ಇವತ್ತು ಆ ಕಡೆ ಹೋಗಲ್ಲ. ಗೌರವ ಕಡಿಮೆ ಅಂತಲ್ಲ. ಆ ಹೊತ್ತಲ್ಲಿ ಆಕೆಗೆ ಯೋಚಿಸೋಕೆ ಸಮಯವೇ ಇರಲಿಲ್ಲ. ನಮ್ಮ ಕಷ್ಟ ಉಲ್ಟಾ. ನಮಗೆ ಯೋಚಿಸೋಕೆ ವರ್ಷಗಟ್ಟಲೆ ಸಮಯ ಇದೆ. ಭಯ ಕೊಬ್ಬೋದೇ ಆ ಸಮಯ ತಿಂದು.

ಅದಕ್ಕೇ ಅದೇ ಕೋಟೆಯ ಇನ್ನೊಬ್ಬರ ವಿಷಯ ಹೇಳ್ತೀನಿ. ಜ್ಯೋತಿರಾಜ್. ಆ ಹೆಸರಿಗಿಂತ 'ಕೋತಿರಾಜ' ಅಂದ್ರೆ ಬೇಗ ಗೊತ್ತಾಗುತ್ತೆ. ತಮಿಳುನಾಡಿನಿಂದ ಬಂದವರು, ಕಟ್ಟಡದ ಕೂಲಿ ಮಾಡಿದವರು, ಕೋತಿಗಳನ್ನ ನೋಡಿ ನೋಡಿ ಹತ್ತೋದು ಕಲಿತವರು. ಕೋಟೆ ಗೋಡೆಯನ್ನ ಬರಿಗೈಯಲ್ಲಿ ಹತ್ತೋದನ್ನ ನಿಮ್ಮಲ್ಲೂ ಎಷ್ಟೋ ಜನ ಕಣ್ಣಾರೆ ನೋಡಿರ್ತೀರ. ಜೋಗದ ಬಂಡೆಯನ್ನೂ ಹತ್ತಿದಾರೆ. ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡ ಹಾಗೆ, ಒಂದು ಕಾಲಕ್ಕೆ ಬದುಕೇ ಸಾಕು ಅನ್ನಿಸಿ ದುರ್ಗದ ಕೋಟೆಗೆ ಬಂದಿದ್ರು. ಬಂಡೆ ಏರಿದ್ರು. ಕೆಳಗಿದ್ದ ಜನ ಏನೋ ಸಾಹಸ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು. ಅವರು ಮನಸ್ಸು ಬದಲಾಯಿಸಿದ್ರು.

ಇಲ್ಲಿ ಒಂದು ಮಾತು. ಚಪ್ಪಾಳೆ ಎಲ್ಲರಿಗೂ ಸರಿಯಾದ ಹೊತ್ತಿಗೆ ಸಿಗಲ್ಲ. ಹಾಗೆ ಯಾರಿಗಾದ್ರೂ ಅನ್ನಿಸ್ತಿದ್ರೆ ಈ ಎಪಿಸೋಡ್ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ದಯವಿಟ್ಟು ರೀಲ್ಸ್‌ಗೋಸ್ಕರ ಯಾರೂ ಕೋಟೆ ಗೋಡೆ ಹತ್ತಬೇಡಿ.

ಬಂಡೆ ಹತ್ತೋರ ವಿಡಿಯೋಗಳನ್ನ ನಿಧಾನ ಮಾಡಿ ನೋಡಿ. ನಮಗೆ ಕಾಣೋದು ಎದೆಗಾರಿಕೆ. ಅಲ್ಲಿ ನಡೀತಿರೋದು ಲೆಕ್ಕಾಚಾರ. ಎರಡು ಕೈ, ಎರಡು ಕಾಲು. ಬಂಡೆ ಹತ್ತೋರಿಗೆ ಮೊದಲು ಹೇಳಿಕೊಡೋ ಪಾಠವೇ ಇದು: ಮೂರು ಹಿಡಿತ ಬಿಗಿಯಾಗಿರಲಿ, ಒಂದನ್ನ ಮಾತ್ರ ಸಡಿಲಿಸು. ಹೊಸ ಬಿರುಕಿಗೆ ಬೆರಳು ಹಾಕಿದ ಕೂಡಲೇ ಮೈಭಾರ ಬಿಡಲ್ಲ, ಮೊದಲು ಎಳೆದು ನೋಡ್ತಾರೆ. ಭಯ ಹೋದ್ಮೇಲೆ ಹತ್ತೋದು ಅಂತ ಕಾಯಲ್ಲ. ಆ ಎಳೆದು ನೋಡೋ ಕೆಲಸ ಮಾಡಿಸೋದೇ ಭಯ.

ನಾವು ಮಾಡೋದು ಎರಡೇ. ಒಂದು, ನಾಲ್ಕೂ ಹಿಡಿದುಕೊಂಡು ಅಲ್ಲೇ ಅಂಟಿಕೊಳ್ಳೋದು. ಇಲ್ಲಾ, ಯಾರದೋ ಮೋಟಿವೇಶನ್ ವಿಡಿಯೋ ನೋಡಿ ನಾಲ್ಕೂ ಒಟ್ಟಿಗೆ ಬಿಡೋದು. ಮನೆ, ಕೆಲಸ, ಊರು, ಉಳಿತಾಯ ಎಲ್ಲ. ಎರಡನೆಯದು ನೋಡೋಕೆ ಧೈರ್ಯದ ತರ ಇರುತ್ತೆ.

ನನ್ನ ವಿಷಯ. ಎಂಟು ತಿಂಗಳ ಹಿಂದೆ ಆಡಿಟ್ ಆಫೀಸಿನ ಕೆಲಸ ಬಿಟ್ಟೆ, ಇದನ್ನ ಮಾಡೋಕೆ. ಎರಡು ಅಂಗಡಿಯ ಜಿಎಸ್‌ಟಿ ಲೆಕ್ಕ ಇಟ್ಕೊಂಡಿದೀನಿ, ರೂಮ್ ಬಾಡಿಗೆ ಅದರಲ್ಲಿ ಆಗುತ್ತೆ. ಅದು ಒಂದು ಹಿಡಿತ. ಆರು ತಿಂಗಳ ಊಟದ ದುಡ್ಡು ಪಕ್ಕಕ್ಕೆ ಇಟ್ಟಿದ್ದೆ, ಅದು ಎರಡನೆಯದು. ಮೂರನೆಯದು ಅಕ್ಕ, ಅವಳಿಗೆ ಎಲ್ಲ ಗೊತ್ತು. ಆದ್ರೆ ಅಪ್ಪನಿಗೆ ಗೊತ್ತಿಲ್ಲ. ಹೊಳಲ್ಕೆರೆ ಹತ್ರ ನಮ್ಮ ಅಡಿಕೆ ತೋಟ, ಬೋರ್‌ವೆಲ್ ಸಾಲ ಇನ್ನೂ ಇದೆ. ಪ್ರತಿ ಭಾನುವಾರ ಅಪ್ಪ ಫೋನ್ ಮಾಡ್ತಾರೆ. "ಆಫೀಸು ಹೆಂಗೈತೆ ಮಗಾ?" "ಚೆನ್ನಾಗೈತೆ ಅಪ್ಪಾ." ಎಂಟು ತಿಂಗಳಿಂದ ಚೆನ್ನಾಗೇ ಐತೆ. ಊಟದ ದುಡ್ಡು ಮುಗಿದು ಎರಡು ತಿಂಗಳಾಯ್ತು, ಈಗ ಅಕ್ಕನೇ ಆಗಾಗ ಕಳಿಸ್ತಾಳೆ. ಅಂದ್ರೆ ನನ್ನ ಒಂದು ಹಿಡಿತ ಆಗಲೇ ಜಾರಿದೆ, ನಾನು ಒಪ್ಕೊಳ್ತಿಲ್ಲ.

ನನಗೆ ಸೋಲಿನ ಭಯ ಇಲ್ಲ ಅನ್ಸುತ್ತೆ. ಭಯ ಇರೋದು ಊರಿನ ಕಟ್ಟೆ ಮೇಲೆ ಅಪ್ಪನನ್ನ ನಾಲ್ಕು ಜನ "ನಿಮ್ಮ ಹುಡುಗ ಈಗ ಏನ್ ಮಾಡ್ತಾನೆ?" ಅಂತ ಕೇಳಿದ್ರೆ ಅವರು ಏನು ಹೇಳ್ತಾರೆ ಅಂತ. ಮಲ್ಲಾಡಿಹಳ್ಳಿ ನಮ್ಮ ತಾಲ್ಲೂಕೇ. ಅಲ್ಲಿ ಅನಾಥ ಸೇವಾಶ್ರಮ ಕಟ್ಟಿ ಯೋಗ, ಆಯುರ್ವೇದ ಕಲಿಸಿದ ರಾಘವೇಂದ್ರ ಸ್ವಾಮೀಜಿ 'ತಿರುಕ' ಅನ್ನೋ ಹೆಸರಲ್ಲಿ ಬರೀತಿದ್ರು. ಜನ ಅನ್ನೋ ಮೊದಲೇ ತಾವೇ ಅಂದುಕೊಂಡುಬಿಟ್ರು ನೋಡಿ! ಆಮೇಲೆ ಅನ್ನೋರಿಗೆ ಕೆಲಸ ಏನು ಉಳೀತು?

ಹಿರಿಯೂರಿನವರೇ, ನಿಮ್ಮೂರ ಪಕ್ಕದ ಮಾರಿಕಣಿವೆಯ ಲೆಕ್ಕ ನಿಮಗೆ ನೆನಪಿರಬಹುದು. 1898ರಲ್ಲಿ ಕೆಲಸ ಶುರು, 1907ಕ್ಕೆ ಮುಗೀತು. 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ್ಮೇಲೆ. ಜನ ಬಾಗಿನ ಬಿಡೋಕೆ, ಸೆಲ್ಫಿ ತೆಗೆಯೋಕೆ ಮುಗಿಬಿದ್ರು, ನಾನೂ ಹೋಗಿದ್ದೆ. ಆದ್ರೆ ನಡುವಿನ ಆ 89 ವರ್ಷ ಡ್ಯಾಮ್ ಸುಮ್ನೆ ಇರಲಿಲ್ಲವಲ್ಲ. ಇದ್ದಷ್ಟು ನೀರನ್ನೇ ಕಾಲುವೆಗೆ ಬಿಟ್ಟು ಹಿರಿಯೂರಿನ ತೋಟ ಸಾಕ್ತು.

ನೀವು ಬ್ಯಾಂಕ್ ಪರೀಕ್ಷೆ ಇವತ್ತೇ ಬಿಡಬೇಡಿ. ಫೀಸ್ ಕಟ್ಟಿದ್ರೆ ಬರೀರಿ, ಅದು ಹಿಡಿತ. ಏನು ಬೇಕು ಅನ್ನೋದನ್ನ ಒಬ್ಬರಿಗೆ, ಒಬ್ಬರೇ ಒಬ್ಬರಿಗೆ ಜೋರಾಗಿ ಹೇಳಿ. ನನಗೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿದ್ರೂ ಸರಿ, ಪ್ರಸಾರ ಮಾಡಲ್ಲ.

ಇದನ್ನ ಶನಿವಾರ ರಾತ್ರಿ ರೆಕಾರ್ಡ್ ಮಾಡ್ತಿದೀನಿ. ಸೋಮವಾರ ಅಪ್‌ಲೋಡ್ ಆಗುತ್ತೆ. ಮಧ್ಯದಲ್ಲಿ ಒಂದು ಭಾನುವಾರ ಇದೆ. ಇದನ್ನ ನೀವು ಕೇಳ್ತಿದೀರ ಅಂದ್ರೆ ಅಪ್ಪ ಫೋನ್ ಮಾಡಿದ್ರು, ನಾನು ಹೇಳಿದೆ ಅಂತ ಅರ್ಥ.